ಕೊರೋನಾ ಹೋಯಿತು, ಗನ್ನು ಉಳಿಯಿತು

2021ರ ನವೆಂಬರ್ 1ರಂದು ಕೇರಳದಲ್ಲಿ ಶಾಲೆಗಳು ಮತ್ತೆ ತೆರೆದಾಗ (ಕಾಸರಗೋಡಿನ ನಮಗೆ ಆ ತಾರೀಕಿಗೆ 1956ರಿಂದ ಬೇರೊಂದು ಅರ್ಥವೂ ಉಂಟು, ಅದು ಇರಲಿ) ಗೇಟಿನಲ್ಲಿ ನಿಂತು ಮಕ್ಕಳ ಹಣೆಗೆ ಥರ್ಮಾಮೀಟರ್ ಗನ್ನು ಹಿಡಿಯುವ ಕೆಲಸ ನನಗೆ ಬಂದಿತ್ತು. ಈಗ ಆ ಗನ್ನು ಆಫೀಸಿನ ಬೀರುವಿನಲ್ಲಿ ಮಲಗಿದೆ. ನಿಮ್ಮ ಶಾಲೆಯಲ್ಲೂ ಹುಡುಕಿ ನೋಡಿ, ಇದ್ದೇ ಇರುತ್ತದೆ.

ಮೊನ್ನೆ ಅದಕ್ಕೆ ಹೊಸ ಸೆಲ್ ಹಾಕಿ ತರಗತಿಗೆ ಒಯ್ದೆ. ಪಾಠ ಉಷ್ಣ ವಿಕಿರಣ. ವಹನ, ಸಂವಹನ ಎರಡನ್ನೂ ತೋರಿಸುವುದು ಸುಲಭ. ಚಮಚ ಬಿಸಿಯಾಗುತ್ತದೆ, ನೀರು ಕುದಿಯುತ್ತದೆ. ವಿಕಿರಣವನ್ನು ತೋರಿಸುವುದು ಹೇಗೆ? "ಸೂರ್ಯನ ಬಿಸಿ ನಮಗೆ ಹೀಗೆ ಬರುತ್ತದೆ" ಎಂದು ಬೋರ್ಡಿನಲ್ಲಿ ನಾಲ್ಕು ಗೆರೆ ಎಳೆದು ಮುಂದೆ ಹೋಗುವುದು ನಮ್ಮ ಸಂಪ್ರದಾಯ. ನಾನೂ ಅಷ್ಟೇ ಮಾಡುತ್ತಿದ್ದೆ. ನಾನು ಟಿಸಿಎಚ್ ಮತ್ತು ಬಿಎ ಮಾಡಿದವಳು, ವಿಜ್ಞಾನದ ಪದವಿ ಇಲ್ಲ.

ಇದಕ್ಕೆಂದೇ ಒಂದು ಉಪಕರಣ ಉಂಟು, ಲೆಸ್ಲಿಯ ಘನ. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1804ರಲ್ಲಿ ತನ್ನ ಪುಸ್ತಕದಲ್ಲಿ ವಿವರಿಸಿದ್ದು. ಒಳಗೆ ಟೊಳ್ಳಾದ ಲೋಹದ ಡಬ್ಬಿ. ಒಂದು ಮುಖ ಹೊಳಪು, ಒಂದು ಮಂಕು, ಒಂದು ಬಿಳಿ, ಒಂದು ಕಪ್ಪು. ಒಳಗೆ ಕುದಿಯುವ ನೀರು. ನಾಲ್ಕೂ ಮುಖಗಳ ಬಿಸಿ ಒಂದೇ, ಆದರೆ ಹೊರಗೆ ಬಿಡುವ ವಿಕಿರಣ ಒಂದೇ ಅಲ್ಲ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಇದು ಪ್ಲಾಸ್ಟಿಕ್ ಚೀಲದಲ್ಲೇ ತುಕ್ಕು ಹಿಡಿದಿತ್ತು. ಜೊತೆಗಿದ್ದ ಸೂಚನೆಯ ಕಾಗದ ಇಂಗ್ಲಿಷಿನಲ್ಲಿ. ಅದು ಏನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ "ಡಬ್ಬಿ - 1" ಎಂದು ಬರೆದಿದ್ದರು, ನಗಬೇಡಿ.

ಈಗಿನ ಶಾಲೆಯಲ್ಲಿ ಆ ಡಬ್ಬಿಯೂ ಇಲ್ಲ. ಹಾಗಾಗಿ ಸ್ಟೀಲ್ ಲೋಟವೇ ಗತಿ. ಒಂದು ಬದಿಗೆ ಮೇಣದ ಬತ್ತಿಯ ಮಸಿ ಹಿಡಿಸಿದೆವು, ಇನ್ನೊಂದು ಬದಿಗೆ ಗಂಜಿ ಹಚ್ಚಿ ಬಿಳಿ ಕಾಗದ ಅಂಟಿಸಿದೆವು, ಉಳಿದದ್ದು ಹೊಳೆಯುವ ಸ್ಟೀಲ್. ಸುಮಾರು 55 ಡಿಗ್ರಿಯ ನೀರು ಹೊಯ್ದೆವು. ಗನ್ನಿನ ಮೋಡ್ ಬಟನ್ ಒತ್ತಿ ದೇಹದಿಂದ ಸರ್ಫೇಸಿಗೆ ಬದಲಿಸಿಕೊಳ್ಳಬೇಕು, ಮರೆತರೆ ಸರಿಯಾದ ಅಳತೆ ಸಿಗುವುದಿಲ್ಲ.

ಮಸಿಯ ಬದಿ 53 ತೋರಿಸಿತು. ಸ್ಟೀಲಿನ ಬದಿ 35 ದಾಟಲಿಲ್ಲ! ಲೋಟ ಒಂದೇ, ನೀರು ಒಂದೇ, ಮುಟ್ಟಿದರೆ ಎರಡೂ ಕಡೆ ಕೈ ಸುಡುತ್ತದೆ. ಗನ್ನು ಸುಳ್ಳು ಹೇಳುತ್ತಿದೆ ಎಂದು ಮಕ್ಕಳು ತೀರ್ಮಾನಿಸಿದರು. ಅಲ್ಲಿಂದಲೇ ಪಾಠ ಶುರು. ಗನ್ನು ಬಿಸಿಯನ್ನು ಮುಟ್ಟಿ ನೋಡುವುದಿಲ್ಲ, ಬರುವ ವಿಕಿರಣವನ್ನು ಹಿಡಿದು ಲೆಕ್ಕ ಹಾಕುತ್ತದೆ. ಎದುರಿಗಿರುವುದು ಚರ್ಮದಂಥ ವಸ್ತು ಎಂದೇ ಅದರ ನಂಬಿಕೆ. ಪೂರ್ತಿ ವಿಕಿರಣ ಬಿಡುವ ವಸ್ತುವಿಗೆ 1 ಎಂದಿಟ್ಟುಕೊಂಡರೆ ಮನುಷ್ಯರ ಚರ್ಮಕ್ಕೆ ಸುಮಾರು 0.98. ಹೊಳೆಯುವ ಲೋಹಕ್ಕೆ ತೀರಾ ಕಡಿಮೆ. ಅದು ತನ್ನದನ್ನು ಬಿಡದೆ ಗೋಡೆಯ, ನಮ್ಮ ವಿಕಿರಣವನ್ನೇ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ.

ಆಮೇಲೆ ಬಿಳಿ ಕಾಗದ. ಕಡಿಮೆ ತೋರಿಸುತ್ತದೆ ಎಂದು ಎಲ್ಲರೂ ಕೈ ಎತ್ತಿದ್ದರು, ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಹಾಗೆಯೇ ಇತ್ತು. ಬಂದದ್ದು 52. "ಬಿಳಿಯೂ ಕಪ್ಪಿನ ಹಾಗೆಯೇ ಉಂಟಲ್ಲ ಟೀಚರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಉಂಟು ಮಗಾ. ಕಣ್ಣಿಗೆ ಕಾಣುವ ಬಣ್ಣ ಬೇರೆ, ಈ ವಿಕಿರಣದ ಲೆಕ್ಕ ಬೇರೆ. ಚರ್ಮ ಬೆಳ್ಳಗಿದ್ದರೂ ಕಪ್ಪಗಿದ್ದರೂ ಅದೇ 0.98. ತರಗತಿಯಲ್ಲಿ ಬಣ್ಣದ ಹೆಸರಿಟ್ಟು ಕರೆಸಿಕೊಳ್ಳುವ ಹುಡುಗಿ ಅವಳು. ತನ್ನ ಕೈಗೂ ಪಕ್ಕದವಳ ಕೈಗೂ ಎರಡೆರಡು ಸಲ ಗನ್ನು ಹಿಡಿದು ನೋಡಿದಳು.

ಅಡುಗೆ ಶೆಡ್ಡಿನ ಶೀಟು ಯಾಕೆ ಅಷ್ಟು ಕಾಯುತ್ತದೆ ಎಂಬುದೂ ಅದೇ ಗಂಟೆಯಲ್ಲಿ ಬಂತು. ಹೊಳೆಯುವ ಶೀಟು ಬಿಸಿಲನ್ನು ಒಂದಷ್ಟು ತಿರುಗಿಸುತ್ತದೆ, ಆದರೆ ಕುಡಿದ ಬಿಸಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಬಿಳಿ ಬಣ್ಣ ಹಚ್ಚಿದರೆ ಬಿಸಿಲನ್ನೂ ತಿರುಗಿಸುತ್ತದೆ, ಬಿಸಿಯನ್ನೂ ಬಿಡುತ್ತದೆ.

ಇದನ್ನೆಲ್ಲ ಓದಿ "ನೋಡಿ, ಖರ್ಚಿಲ್ಲದೆ ಪ್ರಯೋಗ ಆಯಿತಲ್ಲ" ಎನ್ನುವವರಿದ್ದಾರೆ. ಅಲ್ಲೇ ನನ್ನ ತಕರಾರು. ನಮ್ಮ ಲೋಟದ ಜಾಣತನ ಲ್ಯಾಬ್ ಕೊಡದಿರಲು ನೆಪ ಆಗಬಾರದು. ಸರಿಯಾದ ಘನ ಬೇಕು, ಮುಖಗಳೆಲ್ಲ ಒಂದೇ ಅಳತೆಯದ್ದು. ಈಗ ಪ್ರೊಜೆಕ್ಟರ್ ಬಂದಿದೆ, ವೀಡಿಯೋ ತೋರಿಸಬಹುದು, ಒಪ್ಪುತ್ತೇನೆ. ಆದರೆ ಗನ್ನು ಸುಳ್ಳು ಹೇಳುತ್ತದೆ ಎಂಬ ಜಗಳ ವೀಡಿಯೋದಲ್ಲಿ ಹುಟ್ಟುವುದಿಲ್ಲ.

ಅದಕ್ಕಿಂತ ದೊಡ್ಡದು ಭಾಷೆಯ ಮಾತು. ನಾನು ಹೋದ ಒಂದು ತರಬೇತಿಯಲ್ಲಿ ಉಪಕರಣ ತೋರಿಸಿದ್ದು ಮಲಯಾಳದಲ್ಲಿ. ನನಗೆ ಅರ್ಥವಾಗುತ್ತದೆ, ದ್ವೇಷವೂ ಇಲ್ಲ. ಆದರೆ ಶಾಲೆಗೆ ಬಂದು ಅದನ್ನು ಯಾವ ಕನ್ನಡದಲ್ಲಿ ಹೇಳಲಿ? "ಉತ್ಸರ್ಜಕತೆ" ಎಂದು ಬೋರ್ಡಿನಲ್ಲಿ ಬರೆದರೆ ಅರ್ಧ ಮಕ್ಕಳು "ವಿಸರ್ಜನೆ" ಎಂದು ಬರೆದುಕೊಂಡು ಕಿಸಕ್ಕನೆ ನಕ್ಕರು. ಜೀವಶಾಸ್ತ್ರದ ಪಾಠ ಆಗಷ್ಟೇ ಮುಗಿದಿತ್ತು ನೋಡಿ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳು ಇವರು. ನಾನು "ಬಿಸಿ ಬಿಡುವ ಗುಣ" ಎಂದೆ, ಅದೇ ನಿಂತಿತು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಊರವರು ಬೀದಿಗಿಳಿಯುವುದು ಸುಮ್ಮನೆ ಅಲ್ಲ. ಈ ಗುಣವನ್ನು ಅವರು ಹೇಗೆ ಹೇಳಿಯಾರು?

ಉಪಕರಣದ ಪೆಟ್ಟಿಗೆಯ ಜೊತೆ ಎರಡು ಪುಟ ಕನ್ನಡ ಸೂಚನೆ ಇರಲಿ, ಕನ್ನಡ ಮಾಧ್ಯಮದ ನಮಗೆ ವರ್ಷಕ್ಕೊಂದು ದಿನ ಪ್ರಯೋಗದ ತರಬೇತಿ ಕನ್ನಡದಲ್ಲೇ ಆಗಲಿ. ಇದು ದೊಡ್ಡ ಬೇಡಿಕೆಯೇ, ನೀವೇ ಹೇಳಿ.

ಮುಂದಿನ ವಾರ ತಾಮ್ರದ ಚೊಂಬಿನಲ್ಲಿ ಮಾಡುವುದೆಂದು ಮಕ್ಕಳೇ ನಿಶ್ಚಯಿಸಿದ್ದಾರೆ. ಒಬ್ಬ ಹುಡುಗ ಅಜ್ಜಿಯ ಚೊಂಬು ತರುತ್ತಾನೆ. ಉಜ್ಜಲು ಹುಣಸೆಹುಳಿ ನಾನು ತರಬೇಕಂತೆ.