ಗುತ್ತಲಿಗೆ ನೂರೈದು ಕುದುರೆ ಸಾಕು ಕಣ್ರೀ

ಹಳೇ ಕಾರು ಕೊಳ್ಳೋರಲ್ಲಿ ಎರಡು ಪಂಗಡ. "ಎಷ್ಟು ಕೊಡುತ್ತೆ?" ಅಂತ ಕೇಳೋರು ಒಂದು, "ಎಷ್ಟು ಹೋಗುತ್ತೆ?" ಅಂತ ಕೇಳೋರು ಇನ್ನೊಂದು. ಮಂಡ್ಯದಲ್ಲಿ ಮೊದಲನೇ ಪಂಗಡದವರೇ ಜಾಸ್ತಿ, ಅದು ತಪ್ಪೂ ಅಲ್ಲ. ನಾನು ಮಾತ್ರ ಎರಡನೆಯದಕ್ಕೆ ಸೇರಿದವನು. ಹಾಗಾಗಿ ನಾನು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ತಂದಾಗ ಎರಡೂ ಕಡೆಯಿಂದ ಬೈಸಿಕೊಂಡೆ :) ಗುತ್ತಲಿನ ನಮ್ಮ ಬೀದಿಯವರು "ಅದೇ ದುಡ್ಡಿಗೆ ಡೀಸೆಲ್ ಗಾಡಿ ಬರ್ತಿತ್ತಲ್ಲಪ್ಪ" ಅಂದರು. ಬೆಂಗಳೂರಲ್ಲಿರುವ ನಮ್ಮ ಮಾವನ ಮಗ, "ಬಾವ, ಸ್ಪೀಡ್ ಗಾಡಿನೇ ಬೇಕು ಅಂದಮೇಲೆ ಇನ್ನೊಂದಷ್ಟು ಸಾಲ ಮಾಡಿ ಆ ಫಾರಿನ್ನಿಂದ ಬಂದ ಜಿಟಿಐ ಹುಡುಕಬೇಕಿತ್ತು. ಅರ್ಧಂಬರ್ಧ ಯಾಕೆ?" ಅಂದ.

ಮೊದಲನೆಯವರಿಗೆ ಉತ್ತರ ಹೇಳೋದು ಕಷ್ಟ. ಅದು ರುಚಿಯ ವಿಷಯ, ವಾದ ಮಾಡಿ ಗೆಲ್ಲೋಕಾಗಲ್ಲ. ಎರಡನೆಯವನಿಗೆ ಮಾತ್ರ ಉತ್ತರ ಇದೆ. "ಅರ್ಧಂಬರ್ಧ" ಅನ್ನೋ ಆ ಪದದ ಬಗ್ಗೆಯೇ ನನ್ನ ತಕರಾರು.

ಕಾರಿನ ಹುಚ್ಚಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಫೋಕ್ಸ್‌ವ್ಯಾಗನ್‌ನವರು ಪುಣೆ ಹತ್ತಿರದ ಚಾಕಣ್‌ನಲ್ಲಿ 2009ರ ಕೊನೆಯಿಂದ 2022ರವರೆಗೆ ಪೋಲೋ ಮಾಡಿದರು. 2013ರಲ್ಲಿ ಅದರಲ್ಲೇ ಜಿಟಿ ಟಿಎಸ್‌ಐ ಅಂತ ಒಂದು ಬಂತು. 1.2 ಲೀಟರಿನ ಪುಟ್ಟ ಎಂಜಿನ್, ಟರ್ಬೊ, 105 ಕುದುರೆ, ಡಿಎಸ್‌ಜಿ ಅನ್ನೋ ಏಳು ಗೇರಿನ ಆಟೋಮ್ಯಾಟಿಕ್. ಬೆಲೆ ಎಂಟು ಲಕ್ಷದ ಆಸುಪಾಸು. ಆಮೇಲೆ 2016ರ ನವೆಂಬರ್‌ನಲ್ಲಿ ಅದೇ ಪೋಲೋದ ದೊಡ್ಡಣ್ಣ ಜಿಟಿಐ ಹೊರದೇಶದಿಂದ ಪೂರ್ತಿ ಜೋಡಿಸಿದ ಕಾರಾಗಿ ಇಳಿಯಿತು. 1.8 ಲೀಟರ್, 192 ಕುದುರೆ, ಮೂರು ಬಾಗಿಲು, ಇಡೀ ದೇಶಕ್ಕೆ 99 ಕಾರು. ಬೆಲೆ 25.99 ಲಕ್ಷ, ಅದೂ ಎಕ್ಸ್ ಶೋರೂಮ್. ಒಂದು ವರ್ಷ ತುಂಬುವ ಮೊದಲೇ ಅದನ್ನ 19.99 ಲಕ್ಷಕ್ಕೆ ಇಳಿಸಿದರು. ಮೊದಲೇ ಕೊಂಡವರು ಗಾಡಿ ಮೇಲಿನ ಪ್ಲಾಸ್ಟಿಕ್ ಕೀಳುವಷ್ಟರಲ್ಲಿ ಆರು ಲಕ್ಷ ಆವಿ!

ಜಿಟಿಐ ಕೆಟ್ಟ ಕಾರು ಅಂತ ಖಂಡಿತ ಹೇಳ್ತಿಲ್ಲ. ಅದ್ಭುತವಾದ ಕಾರು ಅದು. ನನ್ನ ಪ್ರಶ್ನೆ ಬೇರೆ. ಆ ಹೆಚ್ಚಿನ 87 ಕುದುರೆಗಳನ್ನ ನಮ್ಮೂರಲ್ಲಿ ಎಲ್ಲಿ ಮೇಯಿಸೋದು?

ಒಂದೊಂದೇ ರಸ್ತೆ ನೋಡ್ಕೊಂಡು ಬರೋಣ. ಮದ್ದೂರಿಂದ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿಗೆ ಹೋಗೋ ರಸ್ತೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಕೆ.ಎಂ.ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯೋ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ. ಹಿಂದೆ ಲೈಟಿಲ್ಲ, ಲೈಟಿದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತೆ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇನೇ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದು ನೋಡಿ, 105 ಏನು, 50 ಕುದುರೆಯೂ ಜಾಸ್ತಿ ಅನ್ಸುತ್ತೆ. ಊರಿಗೆರಡು ಹಂಪು, ಶಾಲೆ ಮುಂದೆ ಇನ್ನೊಂದು. ಬಣ್ಣ ಬಳಿಯದ ಹಂಪು ಬೋನಸ್ಸು.

ಇಲ್ಲಿ ಬೇಕಾಗೋದು ಟ್ರ್ಯಾಕ್ಟರ್ ಹಿಂದೆ 30ರಲ್ಲಿ ತೆವಳುತ್ತಿರುವಾಗ, ಮುಂದೆ ರಸ್ತೆ ಖಾಲಿ ಕಂಡ ಕ್ಷಣದಲ್ಲಿ ಚುರುಕಾಗಿ ದಾಟೋ ಶಕ್ತಿ. ಅದಕ್ಕೆ ಲೆಕ್ಕ ಟಾರ್ಕ್‌ದು. ಜಿಟಿ ಟಿಎಸ್‌ಐಯಲ್ಲಿ 175 ನ್ಯೂಟನ್ ಮೀಟರ್ ಟಾರ್ಕ್ 1500 ಆರ್‌ಪಿಎಂಗೇ ಕೈಗೆ ಸಿಗುತ್ತೆ. ಗಾಡಿ ತೂಕ ಸುಮಾರು 1100 ಕೆ.ಜಿ. ಅಷ್ಟೇ. ಕಾಲು ಒತ್ತಿದರೆ ಟ್ರ್ಯಾಕ್ಟರು ಹಿಂದೆ, ನಾವು ಮುಂದೆ. ಜಿಟಿಐ ಇದ್ದರೆ ಇನ್ನೂ ಬೇಗ ದಾಟಬಹುದಿತ್ತಲ್ಲ? ದಾಟಬಹುದಿತ್ತು. ಮುಂದಿನ ಟ್ರ್ಯಾಕ್ಟರನ್ನ ಒಂದೆರಡು ಸೆಕೆಂಡ್ ಮೊದಲು ತಲುಪಬಹುದಿತ್ತು, ಅಷ್ಟೇ.

"ಸರಿ, ಎಕ್ಸ್‌ಪ್ರೆಸ್‌ವೇ ಇದೆಯಲ್ಲ!" ಅಂತ ನಮ್ಮ ಮಾವನ ಮಗ. ಇದೆ ಸ್ವಾಮಿ. 2023ರ ಮಾರ್ಚ್ 12ರಂದು ಇಲ್ಲೇ ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆ ಆಯ್ತು. ಸತ್ತವರ ಸುದ್ದಿ ದಿನಾ ಬರೋಕೆ ಶುರುವಾದಮೇಲೆ ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನ ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಮೇಲೆ ಕ್ಯಾಮೆರಾಗಳು. 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ 2024ರ ಆಗಸ್ಟ್‌ನಿಂದ ರಾಜ್ಯ ಪೊಲೀಸರೇ ಹೇಳಿಬಿಟ್ಟರು. ಕಂಪನಿ ಲೆಕ್ಕದ ಪ್ರಕಾರ ಜಿಟಿ ಟಿಎಸ್‌ಐ ಸೊನ್ನೆಯಿಂದ ನೂರಕ್ಕೆ ಹೋಗೋಕೆ 9.7 ಸೆಕೆಂಡ್. ಜಿಟಿಐಗೆ ಏಳು ಸೆಕೆಂಡ್ ಚಿಲ್ಲರೆ. ಅಂದರೆ ಕಾನೂನು ಪಾಲಿಸೋ ಮನುಷ್ಯನಿಗೆ ಆ 87 ಕುದುರೆಯಿಂದ ಸಿಗೋದು ಎರಡೂವರೆ ಸೆಕೆಂಡ್. ಅಷ್ಟಕ್ಕೆ ಎಷ್ಟು ಲಕ್ಷ ಕೊಡಬೇಕು, ನೀವೇ ಲೆಕ್ಕ ಹಾಕಿ.

ಹೊಸದರಲ್ಲಿ 25.99 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 18. ಅದೇ ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರ ಆಯ್ತು, ಸೆಸ್ಸು ಬೇರೆ. ನಾನು ಇಡೀ ಕಾರಿಗೆ ಕೊಟ್ಟದ್ದು ಅದಕ್ಕಿಂತ ಕಮ್ಮಿ! ಥರ್ಡ್ ಪಾರ್ಟಿ ಇನ್ಶೂರೆನ್ಸ್ ತಗೊಳ್ಳಿ. 2022ರಲ್ಲಿ ನಿಗದಿಯಾದ ದರದ ಪ್ರಕಾರ 1000ದಿಂದ 1500 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಅದರ ಮೇಲಿನದಕ್ಕೆ 7,897. ಎಂಜಿನ್ ದೊಡ್ಡದಾದ ತಪ್ಪಿಗೆ ಎರಡು ಪಟ್ಟಿಗಿಂತ ಹೆಚ್ಚು.

ಹೊರದೇಶದಲ್ಲಿರೋ ಸ್ನೇಹಿತರು ಇನ್ನೊಂದು ಪ್ರಶ್ನೆ ಕೇಳ್ತಾರೆ. "ಇಲ್ಲಿ ಇದಕ್ಕಿಂತ ಜೋರಾದ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ, ಕಳಿಸ್ಲಾ?" ಅಂತ. ಕಳಿಸೋಕಾಗಲ್ಲ ಕಣಪ್ಪ. ನಮ್ಮ ಆಮದು ನಿಯಮದಲ್ಲಿ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಅಲ್ಲಿಗೆ ಅಮೆರಿಕಾದ ಕಾರು ಕತೆ ಮುಗೀತು. ಉಳಿದದ್ದಕ್ಕೆ ಕಾರಿನ ಬೆಲೆಗಿಂತ ಸುಂಕ ಜಾಸ್ತಿ. ಹೊಸದೇ ಬೇಕು ಅಂದರೆ 2025ರಲ್ಲಿ ಗಾಲ್ಫ್ ಜಿಟಿಐ ಬಂತು, 265 ಕುದುರೆ, 53 ಲಕ್ಷ. ಆ ದುಡ್ಡಿಗೆ ಇಲ್ಲಿ ಸೈಟು ನೋಡ್ತಾರೆ :)

ದುಡ್ಡಿಗಿಂತ ದೊಡ್ಡ ವಿಷಯ ಕಾರಿನ ಜೊತೆ ದಿನಾ ಬದುಕೋದು. ಜಿಟಿಐಗೆ ಹಿಂದಿನ ಬಾಗಿಲೇ ಇಲ್ಲ. ನಮ್ಮಮ್ಮ ಸೀರೆ ಉಟ್ಟುಕೊಂಡು, ಮುಂದಿನ ಸೀಟು ಬಗ್ಗಿಸಿ, ಹಿಂದೆ ತೂರಿಕೊಂಡು ಮುತ್ತತ್ತಿಗೆ ಬರ್ತಾರಾ? "ನೀನೇ ಹೋಗಿ ಬಾರಪ್ಪ" ಅಂತಾರೆ. ಜಿಟಿ ಟಿಎಸ್‌ಐ ನೋಡೋಕೆ ಮಾಮೂಲಿ ಪೋಲೋ. ನಾಲ್ಕು ಬಾಗಿಲು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಎಳನೀರು ಗೊನೆ ಹಿಡಿಯುತ್ತೆ. ಕಬ್ಬಿನ ಜಲ್ಲೆ ತಾಗಿ ಬಾಗಿಲು ಗೀಚಿದರೆ, ಕನ್ನಡಿ ಮುರಿದರೆ ಹನ್ನೆರಡು ವರ್ಷ ಇಲ್ಲೇ ತಯಾರಾದ ಕಾರಿನ ಭಾಗಗಳು ಮೈಸೂರಲ್ಲೋ ಬೆಂಗಳೂರಲ್ಲೋ ಸಿಗುತ್ತವೆ, ಗುಜರಿಯಲ್ಲೂ ಸಿಗುತ್ತವೆ. ಜಿಟಿಐನ ಆ ಉದ್ದ ಬಾಗಿಲು ಚಾಕಣ್‌ನಲ್ಲಿ ಮಾಡಿದ ಯಾವ ಪೋಲೋದ್ದೂ ಅಲ್ಲ. ದೇಶಕ್ಕೆ 99 ಇರುವ ಕಾರಿನ ಪಕ್ಕದ ಗಾಜು ಒಡೆದರೆ ಹಡಗು ಬರೋವರೆಗೆ ಪ್ಲಾಸ್ಟಿಕ್ ಕವರ್ ಅಂಟಿಸಿಕೊಂಡು ಕೂತಿರಬೇಕು.

ನಾನು ತಂದದ್ದು ಕಷ್ಟವೇ ಇಲ್ಲದ ಕಾರು ಅಂತಲೂ ಅಂದ್ಕೋಬೇಡಿ. ಆ ಡಿಎಸ್‌ಜಿ ಒಂದು ತಲೆನೋವು. ಅದರ ಒಣ ಕ್ಲಚ್ಚು ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತೆ. ಮೆಕಾಟ್ರಾನಿಕ್ಸ್ ಅನ್ನೋ ಅದರ ಮೆದುಳು ಕೈಕೊಟ್ಟರೆ ಖರ್ಚು ಲಕ್ಷದ ಮೇಲೆ. ನಾನು ಕಾರು ನೋಡೋಕೆ ಕರಕೊಂಡು ಹೋಗಿದ್ದ ಮೆಕ್ಯಾನಿಕ್ ಮೊದಲೇ ಹೇಳಿದ್ದ, "ಸಾ, ಇದು ಪಾನಾ ಹಾಕೋ ಗಾಡಿ ಅಲ್ಲ, ಲ್ಯಾಪ್‌ಟಾಪ್ ಹಾಕೋ ಗಾಡಿ." ಹಾಗಾಗಿ ಕೊಳ್ಳೋ ಮುಂಚೆ ಸ್ಕ್ಯಾನ್ ಮಾಡಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಜಗ್ಗುತ್ತಾ ನೋಡಿ. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಸರ್ವಿಸ್ ದಾಖಲೆ ಇಲ್ಲ ಅಂದರೆ ಎಷ್ಟೇ ಅಗ್ಗಕ್ಕೆ ಬಂದರೂ ಎದ್ದು ಬನ್ನಿ. ಡಿಎಸ್‌ಜಿ ಸಹವಾಸವೇ ಬೇಡ ಅಂದರೆ 2020ರ ನಂತರದ 1.0 ಟಿಎಸ್‌ಐ ಹುಡುಕಿ. 110 ಕುದುರೆ, ಆರು ಗೇರಿನ ಮ್ಯಾನ್ಯುಯಲ್‌ನಲ್ಲೂ ಸಿಗುತ್ತೆ. ಅಂದಹಾಗೆ, ಜಿಟಿಐ ಕೊಂಡರೂ ಡಿಎಸ್‌ಜಿ ತಪ್ಪಿದ್ದಲ್ಲ. ಅದೇ ತಲೆನೋವು, ಬಿಲ್ಲು ಮಾತ್ರ ದೊಡ್ಡದು.

ಈಗ ಸ್ವಲ್ಪ ಗಂಭೀರವಾದ ಮಾತು. ನಮ್ಮ ಜಿಲ್ಲೆಯ ಉದ್ದಕ್ಕೂ ವಿಶ್ವೇಶ್ವರಯ್ಯ ನಾಲೆ ಹರಿಯುತ್ತೆ. ಎಷ್ಟೋ ರಸ್ತೆಗಳು ಅದರ ಏರಿಯ ಮೇಲೇ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ಈ ನಾಲೆಗೆ ಬಿದ್ದು 30 ಜನ ಸತ್ತರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಲ್ಲಿ ತಡೆಗೋಡೆ ಇರಲಿಲ್ಲ. 2023ರಲ್ಲೂ ಇದೇ ನಾಲೆಗೆ ಕಾರುಗಳು ಬಿದ್ದವು, ಕುಟುಂಬಗಳು ಹೋದವು. ತಡೆಗೋಡೆ ಕಟ್ಟಿಸಬೇಕಾದ್ದು ಸರ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆ ಇಲ್ಲದ ಏರಿ ಮೇಲೆ ಎಂಥ ಕಾರು ಓಡಿಸಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ. ವೇಗ 80ರಿಂದ 100ಕ್ಕೆ ಏರಿದರೆ ಗಾಡಿಯಲ್ಲಿ ತುಂಬಿಕೊಳ್ಳೋ ಶಕ್ತಿ ಶೇ. 56 ಜಾಸ್ತಿ ಆಗುತ್ತೆ. ಬ್ರೇಕು ಅಷ್ಟನ್ನೂ ಕರಗಿಸಬೇಕು. "ನಾನು ಜೋರಾಗಿ ಓಡಿಸಲ್ಲ, ಪವರ್ ಸುಮ್ನೆ ಇರಲಿ ಅಂತ" ಅನ್ನೋರನ್ನ ನಾನು ನಂಬೋದಿಲ್ಲ. 192 ಕುದುರೆ ಲಾಯದಲ್ಲಿ ಸುಮ್ಮನೆ ನಿಲ್ಲೋ ಜಾತಿಯಲ್ಲ. ನೂರೈದೇ ಒಮ್ಮೊಮ್ಮೆ ನನ್ನ ಮಾತು ಕೇಳಲ್ಲ.

ಇದು ನನ್ನ ಹೊಸ ಸಿದ್ಧಾಂತವೇನಲ್ಲ. ನಮ್ಮ ಕಡೆಯವರಿಗೆ ಇದು ಹಳೇ ಬುದ್ಧಿ. ಎಂಬತ್ತರ ದಶಕದಲ್ಲಿ ರಾಜದೂತ್ 350 ಬಂತು. ಜಪಾನಿನಲ್ಲಿ 39 ಕುದುರೆ ಇದ್ದದ್ದನ್ನ ಇಲ್ಲಿಗೆ ಮೂವತ್ತರ ಹತ್ತಿರಕ್ಕೆ ಇಳಿಸಿ ತಂದರು. ಆದರೂ ಪೆಟ್ರೋಲ್ ಕುಡಿಯೋದು, ಬಿಡಿಭಾಗ ದುಬಾರಿ. ಕೊಂಡವರು ಕಮ್ಮಿ, ದೂರದಿಂದ ನೋಡಿ ನಿಟ್ಟುಸಿರು ಬಿಟ್ಟವರೇ ಜಾಸ್ತಿ. 1985ರಲ್ಲಿ ಬಂದ ಆರ್‌ಎಕ್ಸ್ 100 ನೋಡಿ. 98 ಸಿಸಿ, 11 ಕುದುರೆ. ಹಗುರ, ಚುರುಕು, ಯಾವ ಹಳ್ಳಿ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚಬಲ್ಲ. ಇವತ್ತಿಗೂ ಮಂಡ್ಯದ ಹುಡುಗರು ಅದಕ್ಕೆ ಹೊಸ ಬೈಕಿನ ಬೆಲೆ ಕೊಡ್ತಾರೆ. ಹನ್ನೊಂದು ಕುದುರೆಯಲ್ಲಿ ಅಷ್ಟು ಖುಷಿ ಕಂಡ ಊರಿನವರು ನಾವು. ಯಾರಾದರೂ ಅದನ್ನ "ಅರ್ಧಂಬರ್ಧ ರಾಜದೂತ್" ಅಂದಿದ್ದಾರಾ?

ಅದಕ್ಕೇ ಆ ಪದ ನನಗೆ ಹಿಡಿಸಲಿಲ್ಲ. ಜಿಟಿ ಟಿಎಸ್‌ಐಯನ್ನ ಮೂರನೇ ಗೇರಿನಲ್ಲಿ ಕೊನೇವರೆಗೂ ಎಳೆದು, ಎಂಜಿನ್ ಹಾಡೋದನ್ನ ಕೇಳಿ, ತಿರುವಿಗೆ ಮೊದಲು ಬ್ರೇಕ್ ಹಿಡಿದು, ಮತ್ತೆ ಕಾಲು ಒತ್ತೋದು ನಮ್ಮ ರಸ್ತೆಯಲ್ಲೂ ಸಾಧ್ಯ. ಅಂದರೆ ನಾನು ದುಡ್ಡು ಕೊಟ್ಟ ನೂರೈದರಲ್ಲಿ ನೂರೈದೂ ನನಗೆ ಸಿಗ್ತಿವೆ. ಜಿಟಿಐ ಆಗಿದ್ದರೆ ಮೂರನೇ ಗೇರು ಮುಗಿಯೋಷ್ಟರಲ್ಲಿ ಒಂದೋ ಎಫ್‌ಐಆರ್, ಇಲ್ಲಾ ಆಸ್ಪತ್ರೆ. ಅಲ್ಲಿ ಅರ್ಧ ಕಾರನ್ನೇ ಓಡಿಸಬೇಕು, ಪೂರ್ತಿ ಕಾರಿನ ಕಂತು ಕಟ್ಟಬೇಕು. ಅರ್ಧಂಬರ್ಧ ಯಾವುದು ಹೇಳಿ?

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಆಗಾಗ ಹೋಗೋರು, ಮನೆಯಲ್ಲಿ ಇನ್ನೊಂದು ಕಾರು ಇರೋರು, ಹಡಗಿಗೆ ಕಾಯೋ ತಾಳ್ಮೆ ಇರೋರು ಜಿಟಿಐ ತಗೊಳ್ಳಲಿ. ನಾನೇ ಹೋಗಿ ಪಕ್ಕದಲ್ಲಿ ಕೂತು ಒಂದು ಸುತ್ತು ಕೇಳ್ತೀನಿ. ಇರೋದೊಂದೇ ಕಾರು, ಅದರಲ್ಲೇ ಅಮ್ಮನೂ ಅಕ್ಕಿ ಮೂಟೆಯೂ ಹೋಗಬೇಕು, ಅದರಲ್ಲೇ ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಶಿವನಸಮುದ್ರದ ಕಡೆ ಒಂದು ಸುತ್ತು ಹಾಕಬೇಕು ಅನ್ನೋರಿಗೆ ನನ್ನ ಮಾತು ಇಷ್ಟೇ. ಕುದುರೆ ಎಣಿಸೋ ಮೊದಲು ನಿಮ್ಮೂರಿನ ಹಂಪು ಎಣಿಸಿ.

ನೀವೇನಂತೀರಿ? ನಿಮ್ಮೂರ ರಸ್ತೆಗೆ ಎಷ್ಟು ಕುದುರೆ ಸಾಕು? ಮಲೆನಾಡಿನವರು, ಘಾಟಿ ಹತ್ತೋರು ನನ್ನ ಲೆಕ್ಕ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಪರವಾಗಿಲ್ಲ, ಬರೆದು ತಿಳಿಸಿ. ಬೈಗುಳಕ್ಕೂ ಸ್ವಾಗತ. "ಎಷ್ಟು ಕೊಡುತ್ತೆ?" ಅಂತ ಮಾತ್ರ ಕೇಳಬೇಡಿ ಪ್ಲೀಸ್ :)