ಉರಿ ತಗ್ಗಿಸದೆ ಗಾಳಿ ಬೀಸಿದರೆ



ಬೇಸಿಗೆ ಬಂತೆಂದರೆ ನಮ್ಮ ಹೆಮ್ಮಿಗೆಯ ಕಡೆಯ ತಂದೆತಾಯಿಗಳಿಂದ ನನ್ನ ಕಿವಿಗೆ ಬೀಳುವ ಹೊಸ ದೂರೊಂದಿದೆ: ‘ಮಗನ ಗೇಮಿಂಗ್ ಲ್ಯಾಪ್‌ಟಾಪ್ ಕಾದ ಹೆಂಚಿನಂತಾಗಿ ನಡುವೆಯೇ ಆರಿಹೋಗುತ್ತದೆ.’ ‘ಆಟ ನಿಲ್ಲಿಸು’ ಎಂಬುದು ಮನೆಯ ಹಿರಿಯರ ತೀರ್ಪು. ‘ಹೊಸದು ಕೊಳ್ಳಿ’ ಎಂಬುದು ಅಂಗಡಿಯವರ ತೀರ್ಪು. ನನ್ನ ಅಭಿಪ್ರಾಯದಲ್ಲಿ ಎರಡೂ ಆತುರದವು. ಶಾಖದ ವಿಷಯದಲ್ಲಿ ಹಣ ಖರ್ಚು ಮಾಡುವ ಮುನ್ನ, ಎಂಟನೆಯ ತರಗತಿಯ ವಿಜ್ಞಾನವನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು.

ಭತ್ತ ಬೆಳೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗನ ಅನಿಮೇಶನ್ ಓದಿಗೆಂದು ಸಾಲ ಮಾಡಿ ಇಂಥದೊಂದು ಯಂತ್ರ ತಂದಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅದು ಪದೇ ಪದೇ ನಿಲ್ಲತೊಡಗಿತು. ಪಟ್ಟಣದ ದುರಸ್ತಿ ಅಂಗಡಿಯೊಂದರಲ್ಲಿ, ಅದನ್ನು ಬಿಚ್ಚಿಯೂ ನೋಡದೆ, ‘ಮದರ್‌ಬೋರ್ಡ್ ಹೋಗಿದೆ’ ಎಂದುಬಿಟ್ಟರಂತೆ. “ಮೇಷ್ಟ್ರೇ, ಹೊಸದೇ ತೆಗೀಬೇಕಂತೆ, ಇನ್ನೂ ಹಳೇ ಸಾಲವೇ ತೀರಿಲ್ಲ” ಎಂದು ಅವರು ಹೇಳಿದಾಗ ನನಗೆ ಬಹಳ ಸಂಕಟವಾಯಿತು. ಇನ್ನೊಬ್ಬರ ಬಳಿ ಬಿಚ್ಚಿಸಿ ನೋಡಿದರೆ, ಗಾಳಿ ಹೊರಹೋಗುವ ಲೋಹದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದನ್ನು ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಯಂತ್ರ ಇಂದಿಗೂ ನಡೆಯುತ್ತಿದೆ.

ಈ ಯಂತ್ರಗಳು ಕಾಯುವುದೇಕೆ? ಲ್ಯಾಪ್‌ಟಾಪ್ ಬಳಸುವ ವಿದ್ಯುತ್ತು ಬಹುಪಾಲು ಕೊನೆಗೆ ಶಾಖವಾಗಿಯೇ ಹೊರಬರಬೇಕು. ಭಾರವಾದ ಆಟ ನಡೆಯುವಾಗ ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳು 150ರಿಂದ 200 ವ್ಯಾಟ್ ಎಳೆಯುತ್ತವೆ. ಹಿಂದಿನ ಕಾಲದ 100 ವ್ಯಾಟ್‌ನ ಎರಡು ಬುರುಡೆ ಬಲ್ಬುಗಳನ್ನು ಒಂದು ಪುಸ್ತಕದೊಳಗೆ ಹುದುಗಿಸಿಟ್ಟಂತೆ ಊಹಿಸಿಕೊಳ್ಳಿ. ಆ ಶಾಖವನ್ನು ತಾಮ್ರದ ಕೊಳವೆಗಳು ಚಿಪ್ಪಿನಿಂದ ಅಂಚಿಗೆ ಒಯ್ಯುತ್ತವೆ. ಕೊಳವೆಯೊಳಗಿನ ತುಸು ನೀರು ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ನೀರಾಗಿ ಹಿಂದಿರುಗುತ್ತದೆ. ಅಂಚಿನಲ್ಲಿರುವ ಫ್ಯಾನು ಆ ಬಿಸಿಯನ್ನು ಹೊರಗೆ ತಳ್ಳುತ್ತದೆ.

ಇಲ್ಲೊಂದು ಮುಖ್ಯ ಸಂಗತಿಯಿದೆ. ಫ್ಯಾನು ಎಷ್ಟೇ ತಿರುಗಲಿ, ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. 24 ಡಿಗ್ರಿಯ ಕೋಣೆಯಲ್ಲಿ 84ಕ್ಕೆ ನಿಲ್ಲುವ ಯಂತ್ರ, 36 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಹತ್ತಿರಹತ್ತಿರ 96ಕ್ಕೆ ಏರುತ್ತದೆ. ಅನೇಕ ಚಿಪ್ಪುಗಳು 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದನ್ನೂ ಮೀರಿದರೆ ಯಂತ್ರ ಆರಿಹೋಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಪರೀಕ್ಷಿಸಿ ಹೊಗಳಿದ ಯಂತ್ರ, ಚೈತ್ರದ ಮಧ್ಯಾಹ್ನ ತಾರಸಿ ಮನೆಯ ಮಹಡಿಯಲ್ಲಿ ಏದುಸಿರು ಬಿಡುವುದು ಸಹಜ. ನಮ್ಮ ಹಿರಿಯರ ತೊಟ್ಟಿಮನೆಗಳಲ್ಲಿ ಬಿಸಿಗಾಳಿ ಮೇಲೇರಿ ಹೋಗಲು ದಾರಿಯಿತ್ತು. ಯಂತ್ರಕ್ಕೂ ಬೇಕಾದದ್ದು ಆ ದಾರಿಯೇ. ಹಾಸಿಗೆ, ದಿಂಬುಗಳ ಮೇಲಿಟ್ಟರೆ ತಳದ ಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿ ಮೇಜಿನ ಮೇಲೆ ಹಿಂಬದಿಯನ್ನು ಒಂದೆರಡು ಅಂಗುಲ ಎತ್ತರಿಸಿ ಇಡಿ. ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುವ ನಮ್ಮ ಊರುಗಳಲ್ಲಿ ಆರು ತಿಂಗಳಿಗೊಮ್ಮೆ ಧೂಳು ತೆಗೆಸುವುದು ಒಳ್ಳೆಯದು. ಯಂತ್ರವನ್ನು ಪೂರ್ತಿ ಆರಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಗಾಳಿ ಊದಬೇಕು.

ಇಷ್ಟಕ್ಕೂ ಮೀರಿದ ಉಪಾಯವೆಂದರೆ ಕೆಲಸದ ಹೊರೆಯನ್ನೇ ಇಳಿಸುವುದು. ಹಾಲು ಉಕ್ಕಿದಾಗ ಒಲೆಯ ಉರಿ ತಗ್ಗಿಸುತ್ತೇವೆಯೇ ಹೊರತು, ಬೀಸಣಿಗೆ ಹಿಡಿದು ಕೂರುವುದಿಲ್ಲ. ಆಟದ ಸೆಟ್ಟಿಂಗಿನಲ್ಲಿ ಕ್ಷಣಕ್ಕೆ 144 ಚಿತ್ರಗಳ ಬದಲು 60 ಸಾಕೆಂದು ಮಿತಿ ಹಾಕಿದರೆ ಚಿಪ್ಪಿನ ದುಡಿಮೆ ಬಹಳ ಇಳಿಯುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ, ಆ ಆಯ್ಕೆ ಕಾಣುವ ಹಲವು ಯಂತ್ರಗಳಲ್ಲಿ ‘ಟರ್ಬೊ’ ಎಂಬ ನಾಗಾಲೋಟ ನಿಲ್ಲುತ್ತದೆ. ಆ ಓಟಕ್ಕೆ ಹೆಚ್ಚಿನ ವೋಲ್ಟೇಜು ಬೇಕು, ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ ತುಸು ವೇಗ ಬಿಟ್ಟುಕೊಟ್ಟರೆ ಬಹಳಷ್ಟು ಶಾಖ ಉಳಿಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಬೇಡ.

‘ಚಿಪ್ಪು 95 ಡಿಗ್ರಿ ತಡೆಯುವಂತೆ ಮಾಡಿದ್ದಾರಲ್ಲ, ಚಿಂತೆಯೇಕೆ?’ ಎಂದು ತರುಣರು ವಾದಿಸುತ್ತಾರೆ. ಚಿಪ್ಪಿನ ಮಟ್ಟಿಗೆ ಆ ಮಾತು ಸರಿಯೇ. ಆದರೆ ಪಕ್ಕದಲ್ಲಿರುವ ಲಿಥಿಯಂ ಬ್ಯಾಟರಿಗೆ ಆ ಸಹನೆಯಿಲ್ಲ. ಸದಾ ಬಿಸಿಯಲ್ಲಿ ಅದರ ಆಯುಸ್ಸು ಕುಗ್ಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು ಬಳಸಲೇಬಾರದು. ಬಿಸಿ ಯಂತ್ರವನ್ನು ದಿನವೂ ತೊಡೆಯ ಮೇಲಿಟ್ಟುಕೊಂಡವರ ಚರ್ಮದಲ್ಲಿ ಬಲೆಯಂಥ ಕಂದು ಕಲೆಗಳು ಮೂಡಿದ್ದನ್ನು ವೈದ್ಯರೂ ದಾಖಲಿಸಿದ್ದಾರೆ.

ಆಟವೇ ಬೇಡವೆನ್ನುವ ಹಿರಿಯರಿಗೂ ಒಂದು ಮಾತು. ಹುಡುಗ ಆಡುವ ಯಂತ್ರದಲ್ಲೇ ಚಿತ್ರ ಬಿಡಿಸುತ್ತಾನೆ, ಪ್ರಾಜೆಕ್ಟ್ ಮುಗಿಸುತ್ತಾನೆ. ಅದನ್ನು ಕಿತ್ತುಕೊಂಡರೆ ಆಟದ ಜೊತೆಗೆ ಓದೂ ಹೋಗುತ್ತದೆ. ಅದನ್ನು ಶುಚಿಯಾಗಿಡುವ ಹೊಣೆಯನ್ನು ಅವನಿಗೇ ವಹಿಸಿರಿ. ಎತ್ತಿನ ಮೈ ತೊಳೆಯುವವನಿಗೇ ಅದರ ಕಷ್ಟ ಗೊತ್ತಾಗುವುದು.

ತಯಾರಕರೂ ತಮ್ಮ ಪಾಲು ಮಾಡಬೇಕು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಬಿಡಿಭಾಗ, ದುರಸ್ತಿಯ ವಿವರಗಳು ಗ್ರಾಹಕನಿಗೆ ಸಿಗಬೇಕೆಂಬುದು ಅದರ ಆಶಯ. ನಾಲ್ಕು ಸ್ಕ್ರೂ ಬಿಚ್ಚಿದರೆ ಫ್ಯಾನು ಕೈಗೆ ಸಿಗುವಂಥ ಯಂತ್ರಗಳನ್ನು ನಾವು ಕೇಳಿ ಕೊಳ್ಳಬೇಕು. ಅಂಗಡಿಗೆ ಹೋದಾಗ ಬಣ್ಣದ ದೀಪಗಳನ್ನು ನೋಡುವ ಮೊದಲು ಯಂತ್ರವನ್ನು ಮಗುಚಿ ಅದರ ಬೆನ್ನು ನೋಡಿರಿ. ಇದನ್ನು ಬಿಚ್ಚುವುದು ಹೇಗೆಂದು ಕೇಳಿರಿ. ಸಾಲದ ಹಣಕ್ಕೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು.