ಪದಕದ ಮೇಲೆ ಯಾರ ಹೆಸರು?

ಭಾನುವಾರ ಪುಣೆಯ ಜೂನಾ ಬಾಜಾರಿನಲ್ಲಿ ಅಲೆಯುವುದು ನನ್ನ ಹಳೆಯ ಚಾಳಿ. ಇತ್ತೀಚೆಗೆ ಅಲ್ಲಿ ತುಕ್ಕು ಹಿಡಿದ ಬೀಗ, ಹಿತ್ತಾಳೆಯ ಗಂಟೆಗಳ ನಡುವೆ ಒಂದು ಕಂಚಿನ ಪದಕ ಕಣ್ಣಿಗೆ ಬಿತ್ತು. ಒಂದು ಮುಖದಲ್ಲಿ ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಅಂದಿನ ಯುವರಾಜನ ತಲೆ. ಇನ್ನೊಂದರಲ್ಲಿ 1886ರ ಲಂಡನ್ನಿನ ‘ವಸಾಹತು ಮತ್ತು ಭಾರತೀಯ ಪ್ರದರ್ಶನ’ದ ಹೆಸರು. ಯುವರಾಜನ ಕೊರಳಿನಡಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಕೆತ್ತಿದ ವೈಯನ್ನನ ಹೆಸರೂ ಇತ್ತು.

ಸೌತ್ ಕೆನ್ಸಿಂಗ್ಟನ್ನಿನ ಆ ಪ್ರದರ್ಶನವನ್ನು 50 ಲಕ್ಷಕ್ಕೂ ಮಿಕ್ಕಿ ಜನ ನೋಡಿದರು. ಪರಂಪರಾಗತ ಕುಶಲಕರ್ಮಿಗಳೆಂದು ಅಲ್ಲಿ ಕೂರಿಸಲಾಗಿದ್ದ ಭಾರತೀಯರಲ್ಲಿ ಬಹಳ ಮಂದಿ ಆಗ್ರಾ ಸೆರೆಮನೆಯಲ್ಲಿ ಕಸುಬು ಕಲಿತವರು. ಕುಂಬಾರ ಬಕ್ಷಿರಾಮನಂಥ ಕೆಲವರ ಹೆಸರು ಇಂದಿಗೂ ಉಳಿದಿರುವುದು ವಿಕ್ಟೋರಿಯಾ ರಾಣಿ ಸ್ವೊಬೊಡಾ ಎಂಬ ಕಲಾವಿದನಿಂದ ಅವರ ಚಿತ್ರ ಬರೆಸಿದ್ದರಿಂದ, ಪದಕದಿಂದಲ್ಲ.

ಮೈಸೂರಿನ ಗಂಧದ ಕೆತ್ತನೆಯೂ ಅಲ್ಲಿಗೆ ಹೋಗಿತ್ತು. ಗಂಧದ ಕೆತ್ತನೆಯೆಂದರೆ ನಮ್ಮ ಗುಡಿಗಾರರ ಕೈ. ಅಂದು ಸಾಗರ, ಸೊರಬದ ಗುಡಿಗಾರರು ಮೈಸೂರು ಸಂಸ್ಥಾನದ ಪ್ರಜೆಗಳು. ಶಿರಸಿ, ಸಿದ್ದಾಪುರದವರು ಮುಂಬಯಿ ಪ್ರಾಂತ್ಯದವರು. ಒಂದೇ ಕುಲಕಸುಬಿನ ಕೀರ್ತಿ ಹೀಗೆ ಎರಡು ಸರ್ಕಾರಗಳ ಲೆಕ್ಕಕ್ಕೆ ಸೇರಿತು. ಲೋಹದಲ್ಲಿ ಕೆತ್ತಿದವನ ಹೆಸರು ಪದಕದ ಮೇಲೆ ನಿಂತಿತು. ಮರದಲ್ಲಿ ಕೆತ್ತಿದವನದಕ್ಕೆ ಅಲ್ಲಿ ಎಡೆಯಿರಲಿಲ್ಲ.

ಇದನ್ನು ಪರಕೀಯರ ದೋಷವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಕೇಂದ್ರ ಸರ್ಕಾರದ ಸೇವೆಯಲ್ಲಿ ಸ್ಮರಣಿಕೆಗಳ ಖರೀದಿಯ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ತೂಕ, ಅಳತೆ, ಲಾಂಛನ, ಗಣ್ಯರ ಹೆಸರಿನ ಕಾಗುಣಿತ ಇವೆಲ್ಲವನ್ನೂ ಎರಡೆರಡು ಬಾರಿ ನೋಡಿದ್ದೇನೆ. ಮಾಡಿದವರು ಯಾರೆಂಬ ಕಲಮು ಅವುಗಳಲ್ಲಿರಲಿಲ್ಲ. ಇರಬೇಕೆಂದು ಟಿಪ್ಪಣಿ ಬರೆಯುವುದು ನನಗೂ ಹೊಳೆಯಲಿಲ್ಲ.

ಹೊರನಾಡ ಕನ್ನಡಿಗರಾದ ನಾವೂ ರಾಜ್ಯೋತ್ಸವದಂದು ಶಾಲು, ಗಂಧದ ಹಾರ, ಕೆತ್ತನೆಯ ಫಲಕಗಳಿಂದ ಅತಿಥಿಗಳನ್ನು ಸನ್ಮಾನಿಸುತ್ತೇವೆ. ಫಲಕದ ಮೇಲೆ ಅತಿಥಿಯ ಹೆಸರಿರುತ್ತದೆ, ದಾನಿಯ ಹೆಸರಿರುತ್ತದೆ, ಸಂಘದ ಹೆಸರಂತೂ ದಪ್ಪಕ್ಷರಗಳಲ್ಲಿರುತ್ತದೆ. ನಾಡಿನ ಕಲೆಯೆಂದು ವೇದಿಕೆಯಲ್ಲಿ ಹೊಗಳಿದ ವಸ್ತುವನ್ನು ಕೆತ್ತಿದವರು ಮಾತ್ರ ಅನಾಮಿಕರು. ಇನ್ನು ಮುಂದೆ ಪ್ರತಿಯೊಂದು ಸ್ಮರಣಿಕೆಯ ಮೇಲೂ ಅದನ್ನು ಮಾಡಿದವರ ಹೆಸರು, ಊರುಗಳು ಇರಬೇಕೆಂಬುದು ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಅಂಗಡಿಯಿಂದ ತಂದ ವಸ್ತುವಿಗೆ ಹೆಸರನ್ನು ಎಲ್ಲಿಂದ ತರುವುದೆಂದು ಕೆಲವರು ಕೇಳಬಹುದು. ಅಂಗಡಿಯವನನ್ನು ಕೇಳಬೇಕು; ಅವನು ಹೇಳಲಾರದಿದ್ದರೆ ಸಾಗರಕ್ಕೋ ಶಿರಸಿಗೋ ನೇರವಾಗಿ ಬರೆದು ತರಿಸಬೇಕು. ತಗಲುವುದು ಒಂದು ಪತ್ರ, ಫಲಕದ ಮೇಲೆ ಒಂದು ಸಾಲು.

ಆ ಪದಕವನ್ನು ನಾನು ಕೊಳ್ಳಲಿಲ್ಲ. ಮನೆಗೆ ಬಂದು, ಕಪಾಟಿನಲ್ಲಿರುವ ನನ್ನದೇ ಸನ್ಮಾನದ ಗಂಧದ ಫಲಕವನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬೆಲೆಯ ಚೀಟಿಯೊಂದೇ ಇತ್ತು.